ಔಷಧಿ ಅಂಗಡಿಗೆ ಎರಡು ಸ್ಟೂಲು

ಖಾಲಿ ಬಾಟಲಿಗಳು ಒಂದಕ್ಕೊಂದು ತಾಗುವ ಸದ್ದು ಕೇಳಿ ಎಷ್ಟು ಕಾಲವಾಯಿತು! ತುಂಬಿದ ಬಾಟಲಿಗಳ ಮಾತಲ್ಲ. ಅವು ತಾಗಿದರೆ ಉಂಡು ಮಲಗಿದವರು ಹೊರಳಿದ ಹಾಗೆ ಮೊದ್ದು ಸದ್ದು. ಖಾಲಿ ಬಾಟಲಿಗಳದ್ದೇ ಬೇರೆ: ಕಿಣಿ ಕಿಣಿ ಕಿಣಿ, ಸ್ವಲ್ಪ ಗಾಬರಿ, ಸ್ವಲ್ಪ ಆಸೆ. ಹಿರಿಯೂರಿನಲ್ಲಿ ಟೀಚರಾಗಿದ್ದಾಗ ಸಂತೆಯ ದಿನ ನಾನು ಏಳುತ್ತಿದ್ದುದು ಆ ಸದ್ದಿಗೆ. ನನ್ನ ಬಾಡಿಗೆ ಕೋಣೆಯ ಎದುರಿಗೇ ಸರ್ಕಾರಿ ಆಸ್ಪತ್ರೆ. ಆಗೆಲ್ಲ ಔಷಧಿ ಆಸ್ಪತ್ರೆಯದು, ಬಾಟಲಿ ರೋಗಿಯದು. ಹಳ್ಳಿಗಳಿಂದ ಬಂದವರು ಕೈಚೀಲದಲ್ಲಿ, ಕಂಬಳಿಯ ಮಡಿಕೆಯಲ್ಲಿ, ಸೆರಗಿನ ಗಂಟಿನಲ್ಲಿ ಬಾಟಲಿ ಇಟ್ಟುಕೊಂಡು ಸಾಲು ನಿಲ್ಲುತ್ತಿದ್ದರು. ಸಾಲು ಒಂದು ಹೆಜ್ಜೆ ಮುಂದೆ ಸರಿದರೆ ಬೀದಿಯ ಉದ್ದಕ್ಕೂ ಕಿಣಿ ಕಿಣಿ. ಕಾನ್ವೆಂಟಿನಲ್ಲಿ ನಮ್ಮನ್ನು ಎಬ್ಬಿಸುತ್ತಿದ್ದ ಹಿತ್ತಾಳೆಯ ಗಂಟೆಗಿಂತ ಇದು ಎಷ್ಟೋ ಮೃದುವಾಗಿತ್ತು.

ಈ ಸದ್ದು ಈಗ ಯಾಕೆ ನೆನಪಾಯಿತೆಂದರೆ, ನಾನೊಂದು ಬಿಸಿನೆಸ್ ಪ್ಲ್ಯಾನ್ ಬರೆಯುತ್ತಿದ್ದೇನೆ. ನಗಬೇಡಿ. ಬೆಳಿಗ್ಗೆ ಎದ್ದು ಕನ್ನಡಕ ಎಲ್ಲಿಟ್ಟೆ ಎಂಬುದಕ್ಕೇ ಒಂದು ಪ್ಲ್ಯಾನ್ ಬೇಕಾದ ವಯಸ್ಸಿನಲ್ಲಿ, ಔಷಧಿ ಅಂಗಡಿಯೊಂದಕ್ಕೆ ಐದು ವರ್ಷದ ಮುನ್ನೋಟ ಬರೆಯುತ್ತಿದ್ದೇನೆ. ಅಂಗಡಿ ನನ್ನದಲ್ಲ, ಮಹಡಿಯ ಮೇಲಿನ ರೇಣುಕಳದು. ಚಿತ್ರದುರ್ಗದ ಈ ಓಣಿಯಲ್ಲಿ ಕೆಳಗಿನ ಎರಡು ಕೋಣೆ ನನಗೆ, ಮೇಲಿನ ಎರಡು ಅವಳಿಗೆ. ಹೊಳಲ್ಕೆರೆ ಕಡೆಯ ಹುಡುಗಿ, ಬಿ.ಫಾರ್ಮ ಓದಿದ್ದಾಳೆ. ಊರೂರಿಗೆ ಒಂದೇ ಬಣ್ಣದ ಬೋರ್ಡು ಹಾಕುವ ದೊಡ್ಡ ಕಂಪನಿಯೊಂದರ ಅಂಗಡಿಯಲ್ಲಿ ಅವರ ಕೋಟು ತೊಟ್ಟು ನಿಲ್ಲುತ್ತಾಳೆ. ಈಗ ನಮ್ಮ ಓಣಿಯ ತುದಿಯಲ್ಲಿ ಸ್ವಂತದ್ದೊಂದು ತೆಗೆಯಬೇಕೆಂಬ ಆಸೆ. ಬ್ಯಾಂಕಿಗೆ ಪ್ಲ್ಯಾನ್ ಕೊಡಬೇಕು.

"ಮಿಸ್, ಒಂದ್ಸಲ ಕಣ್ಣಾಡ್ಸಿ ಕೊಡಿ. ಗ್ರಾಮರ್ ಅಷ್ಟೇ" ಎಂದು ಕಂಪ್ಯೂಟರನ್ನು ನನ್ನ ಊಟದ ಮೇಜಿನ ಮೇಲೆ ಇಟ್ಟು ಹೋದಳು. ರಿಟೈರಾದ ಮೇಲೆ ಒಂದಷ್ಟು ದಿನ ಟ್ಯೂಷನ್ ಹೇಳಿದ್ದರಿಂದ ಓಣಿಗೆಲ್ಲ ನಾನು ಮಿಸ್. ಮದುವೆಯಾಗದೆ ಉಳಿದವಳಿಗೆ ಇದರಲ್ಲಿ ತಿದ್ದುಪಡಿ ಮಾಡಿಸುವ ಸಂದರ್ಭವೂ ಬರಲಿಲ್ಲ.

ಗ್ರಾಮರ್ ನೋಡುವ ನೆಪದಲ್ಲಿ ನಾನು ಇಡೀ ಪ್ಲ್ಯಾನಿನೊಳಗೆ ಹೋಗಿ ಕುಳಿತೆ. ಎಂಥ ವಿಚಿತ್ರ ಸಾಹಿತ್ಯ ಅದು! ಮೊದಲ ಪುಟವನ್ನು ಕೊನೆಗೆ ಬರೆಯಬೇಕಂತೆ, ಅದಕ್ಕೆ ಎಕ್ಸಿಕ್ಯೂಟಿವ್ ಸಮ್ಮರಿ ಎಂದು ಹೆಸರು. ಆಮೇಲೆ ಟಾರ್ಗೆಟ್ ಕಸ್ಟಮರ್. ಕೆಮ್ಮು ಬಂದವರನ್ನು ಗುರಿಯಿಟ್ಟು ನೋಡುವ ಮಾತು ನನಗೆ ಅಷ್ಟು ಸರಿಬೀಳಲಿಲ್ಲ. ಅದಾದ ಮೇಲೆ ಸ್ವಾಟ್ ಎಂಬ ನಾಲ್ಕು ಮನೆಯ ಚೌಕ: ಸ್ಟ್ರೆಂತ್, ವೀಕ್‌ನೆಸ್, ಆಪರ್ಚುನಿಟಿ, ಥ್ರೆಟ್. ರೇಣುಕಳದನ್ನು ಮುಟ್ಟದೆ, ಒಂದು ಹಳೆಯ ಲಕೋಟೆಯ ಹಿಂಬದಿಯಲ್ಲಿ ನನ್ನದೇ ತುಂಬಿ ನೋಡಿದೆ. ಸ್ಟ್ರೆಂತ್: ಸ್ಪೆಲಿಂಗ್. ವೀಕ್‌ನೆಸ್: ಎಡ ಮಂಡಿ. ಆಪರ್ಚುನಿಟಿ: ಗುರುವಾರ ಸಂಜೆ ಸೊಪ್ಪಿನವಳು ನಮ್ಮ ಓಣಿಗೆ ಬರುತ್ತಾಳೆ, ನಿಂತು ಮಾತಾಡುತ್ತಾಳೆ. ಥ್ರೆಟ್: ಅವಳು ಬಾರದೆಯೂ ಇರಬಹುದು. ಕೊನೆಯ ಪುಟದಲ್ಲಿ ಎಕ್ಸಿಟ್ ಸ್ಟ್ರಾಟಜಿ, ಅಂದರೆ ಹೊರಬೀಳುವ ದಾರಿ, ಎಂದಿತ್ತು. ಅದನ್ನು ನನ್ನ ವಯಸ್ಸಿನವರು ಬರೆಯುವ ಅಗತ್ಯವಿಲ್ಲ, ಬರೆದೇ ಇರುತ್ತದೆ.

ಇನ್ನೊಂದು ಮಾತನ್ನು ಒಪ್ಪಿಕೊಳ್ಳಬೇಕು. ರೇಣುಕಳ ಎದುರಿಗೆ ನಾನು ಹೊಸಬಳಂತೆ ಮುಖ ಮಾಡಿದೆನಾದರೂ, ಇದು ನಾನು ಬರೆಯುತ್ತಿರುವ ಮೊದಲ ಬಿಸಿನೆಸ್ ಪ್ಲ್ಯಾನ್ ಅಲ್ಲ. ಎರಡನೆಯದು. ಮೊದಲನೆಯದನ್ನು ಬರೆದಾಗ ಆ ಹೆಸರೇ ಇರಲಿಲ್ಲ. ಬ್ಯಾಂಕುಗಳು ಆಗತಾನೆ ಸರ್ಕಾರದ್ದಾಗಿದ್ದವು, ಬಡವರಿಗೂ ಸಾಲ ಕೊಡುತ್ತಾರೆಂದು ಸುದ್ದಿ ಹಬ್ಬಿತ್ತು. ಕೇಳಲು ಹೋದರೆ ಮ್ಯಾನೇಜರು "ಒಂದು ಸ್ಕೀಮ್ ಬರೆಸಿಕೊಂಡು ಬನ್ನಿ, ಇಂಗ್ಲಿಷಿನಲ್ಲಿ" ಎನ್ನುತ್ತಿದ್ದರು. ಹಾಗೆ ಬರೆಸಿಕೊಳ್ಳಲು ನನ್ನ ಕೋಣೆಗೆ ಬಂದವಳು ಈರಕ್ಕ.

ಈರಕ್ಕ ಎದುರಿನ ಆಸ್ಪತ್ರೆಯ ಕಾಂಪೌಂಡರ್. ಹೆಂಗಸು ಕಾಂಪೌಂಡರ್ ಎಂದರೆ ಆಗ ಜನ ತಿರುಗಿ ನೋಡುತ್ತಿದ್ದರು. ಜವನಗೊಂಡನಹಳ್ಳಿ ಕಡೆಯ ಗೊಲ್ಲರಹಟ್ಟಿಯ ಹುಡುಗಿ. ಅಪ್ಪ ಅಣ್ಣಂದಿರೆಲ್ಲ ಕುರಿಯ ಹಿಂದೆ ಹೋಗುವವರು. ಚಿಕ್ಕವಳಿದ್ದಾಗ ಕಾಲಿಗೆ ಹುಣ್ಣಾಗಿ ಮಿಷನ್ ಆಸ್ಪತ್ರೆಯೊಂದರಲ್ಲಿ ತಿಂಗಳುಗಟ್ಟಲೆ ಇದ್ದಳಂತೆ. ಹುಣ್ಣು ವಾಸಿಯಾದರೂ ಆಸ್ಪತ್ರೆ ಬಿಟ್ಟು ಬರಲಿಲ್ಲ. ಅಲ್ಲೇ ಕಸ ಗುಡಿಸಿ, ಅಲ್ಲೇ ಅಕ್ಷರ ಕಲಿತು, ಅಲ್ಲೇ ಔಷಧಿ ಬೆರೆಸುವುದನ್ನು ಕಲಿತು, ಪರೀಕ್ಷೆ ಪಾಸಾಗಿ ಸರ್ಟಿಫಿಕೇಟ್ ತೆಗೆದುಕೊಂಡವಳು. ನನಗಿಂತ ನಾಲ್ಕೈದು ವರ್ಷಕ್ಕೆ ದೊಡ್ಡವಳು. ಮದುವೆಯ ಮಾತೆತ್ತಿದರೆ "ನನ್ ಕೈ ಯಾವಾಗ್ಲೂ ಟಿಂಕ್ಚರ್ ವಾಸ್ನೆ ಟೀಚರೇ, ಮುದ್ದೆ ಕಟ್ಟಿದ್ರೆ ಯಾರು ಉಂತಾರೆ?" ಎಂದು ನಗುತ್ತಿದ್ದಳು.

ಅವಳ ಕೆಲಸ ನೋಡುವುದೇ ಒಂದು ಚೆಂದ. ಬಿಳಿಯ ಪಿಂಗಾಣಿ ಬಟ್ಟಲಲ್ಲಿ ಪುಡಿ ಅರೆದು, ಅಳತೆಗಾಜಿನಲ್ಲಿ ನೀರು ಹಿಡಿದು, ಬೆಳಕಿಗೆ ಎತ್ತಿ ಒಂದು ಕಣ್ಣು ಮುಚ್ಚಿ ನೋಡುವಳು. ಬಾಟಲಿಗೆ ತುಂಬಿ ಬಿರಡೆ ಹಾಕಿದ ಮೇಲೆ ನಿಜವಾದ ಕಲೆ ಶುರು. ಒಂದು ಉದ್ದ ಕಾಗದದ ಪಟ್ಟಿಯನ್ನು ನಾಲ್ಕು ಮಡಿಕೆ ಮಡಿಸಿ, ಕತ್ತರಿಯಿಂದ ಅಂಚಿಗೆ ಚಕ್ಕನೆ ಒಂದು ಕಚ್ಚು ಹಾಕಿ ಬಿಡಿಸಿದರೆ, ಒಂದೇ ಅಂತರಕ್ಕೆ ಸಾಲಾಗಿ ಕಚ್ಚುಗಳು. ಅದನ್ನು ಗೋಂದು ಹಚ್ಚಿ ಬಾಟಲಿಯ ಮೈಗೆ ಅಂಟಿಸುವಳು. ಒಂದು ಹೊತ್ತಿಗೆ ಒಂದು ಕಚ್ಚಿನಷ್ಟು ಕುಡಿಯಬೇಕು. ಆಗಿನ ಕಾಂಪೌಂಡರುಗಳೆಲ್ಲ ಮಾಡುತ್ತಿದ್ದುದು ಅದನ್ನೇ. ಆದರೆ ಈರಕ್ಕ ಹೇಳುವ ರೀತಿ ಬೇರೆ. ಕಂಬಳಿ ಹೊದ್ದವರು ಬಂದರೆ ಪಟ್ಟಿಯ ಮೇಲೆ ಬೆರಳಿಟ್ಟು, "ಇಲ್ನೋಡಣ್ಣ, ಕುರಿ ಕಿವಿಗೆ ಕಚ್ಚು ಹಾಕ್ತೀಯಲ್ಲ, ಹಂಗೇ ಇದು. ಬೆಳಿಗ್ಗೆ ಈ ಕಚ್ಚಿಗಂಟ, ಸಂಜಿಗೆ ಈ ಕಚ್ಚಿಗಂಟ. ಜಾಸ್ತಿ ಕುಡುದ್ರೆ ಜಲ್ದಿ ವಾಸಿಯಾಗಂಗಿಲ್ಲ, ಜಲ್ದಿ ಇನ್ನೊಂದ್ ಕಡೀಗೆ ಹೋಗ್ತೀಯ" ಎನ್ನುವಳು. ತಮ್ಮ ಕುರಿಯನ್ನು ಸಾವಿರ ಕುರಿಯ ನಡುವೆ ಕಿವಿಯ ಕಚ್ಚಿನಿಂದಲೇ ಗುರುತಿಸುವ ಜನ. ಅವರಿಗೆ ಲೇಬಲ್ಲಿನ ಇಂಗ್ಲಿಷ್ ಬೇಕಿರಲಿಲ್ಲ.

ಒಮ್ಮೆ ಒಬ್ಬ ಮುದುಕ "ನಂಗೊಂದ್ ಕಚ್ಚು, ನನ್ ಟಗರಿಗೊಂದ್ ಕಚ್ಚು ಕುಡ್ಸ್ಲೇನವ್ವ? ಅದೂ ಕೆಮ್ತೈತೆ" ಎಂದು ಕೇಳಿದ. ಈರಕ್ಕ ಸ್ವಲ್ಪವೂ ನಗದೆ, "ಬ್ಯಾಡ. ಅದುಕ್ಕೆ ಬ್ಯಾರೆ ಡಾಕ್ಟ್ರು ಅವ್ರೆ. ಅವ್ರು ಬರೋಗಂಟ ಟಗರ್‌ನ ಬೀಡಿ ಬಿಡ್ಸು" ಎಂದಳು. ಮುದುಕ ತನ್ನ ಕಿವಿಯ ಮೇಲಿದ್ದ ಬೀಡಿ ಮುಟ್ಟಿಕೊಂಡು, ಅರ್ಥವಾಗಿ, ಹಲ್ಲಿಲ್ಲದ ಬಾಯಲ್ಲಿ ನಕ್ಕ.

ಅವಳಿಗೆ ಸ್ವಂತ ಅಂಗಡಿ ತೆಗೆಯಬೇಕೆಂಬ ಹುಚ್ಚು ಹಿಡಿದದ್ದು ಈ ಕಚ್ಚುಗಳ ದೆಸೆಯಿಂದಲೇ. ಆಸ್ಪತ್ರೆಯ ಕಿಟಕಿಯಲ್ಲಿ ಒಬ್ಬೊಬ್ಬರಿಗೆ ಕೊಡಲು ಸಿಗುವುದು ಅರ್ಧ ನಿಮಿಷ. ಕಚ್ಚು ತೋರಿಸಿ ಹೇಳುವಷ್ಟರಲ್ಲಿ ಹಿಂದಿನವರು ನೂಕುತ್ತಾರೆ. "ಔಷ್ದಿ ಕೊಡೋದು ಸುಲ್ಬ ಟೀಚರೇ. ಹ್ಯಾಂಗ್ ಕುಡೀಬೇಕು ಅಂತ ಹೇಳಾಕೆ ಕುಂತ್ಕಬೇಕು. ಕುಂತ್ಕಳಾಕೆ ನಂದೇ ಜಾಗ ಬೇಕು" ಎನ್ನುತ್ತಿದ್ದಳು.

ಹೀಗೆ ಭಾನುವಾರಗಳ ಮಧ್ಯಾಹ್ನ ನಮ್ಮ ಸ್ಕೀಮು ಶುರುವಾಯಿತು. ನಾನು ಫುಲ್‌ಸ್ಕೇಪ್ ಹಾಳೆ, ರೂಲರು, ನೀಲಿ ಶಾಯಿ ಹಿಡಿದು ಕುಳಿತರೆ, ಅವಳು ಒಂದು ಮಡಿಲು ಹುರಿದ ಕಡ್ಲೆಕಾಯಿ ತಂದು ನೆಲದ ಮೇಲೆ ಸುರಿದು ಸುಲಿಯುತ್ತ ಕೂರುವಳು. ನನಗೋ ಕಾನ್ವೆಂಟಿನ ಇಂಗ್ಲಿಷಿನ ಸೊಕ್ಕು. ಹಳೆಯ ಕಾಲದಲ್ಲಿ ಔಷಧಿಯವನನ್ನು ಅಪಾತಿಕರಿ ಎನ್ನುತ್ತಿದ್ದರು, ಆ ಮಾತಿನ ಮೂಲ ಗ್ರೀಕಿನಲ್ಲಿ ಉಗ್ರಾಣ ಎಂದು ಸಿಸ್ಟರ್ ಒಬ್ಬರು ಹೇಳಿಕೊಟ್ಟಿದ್ದರು. ಅದನ್ನು ಮೊದಲ ವಾಕ್ಯಕ್ಕೇ ಜೋಡಿಸಿದೆ. ಹಿರಿಯೂರಿನ ಬ್ಯಾಂಕ್ ಮ್ಯಾನೇಜರಿಗೆ ಗ್ರೀಕಿನ ಅಗತ್ಯ ಎಷ್ಟಿತ್ತೋ ದೇವರೇ ಬಲ್ಲ.

"ನಮ್ಮ ಗಿರಾಕಿಗಳು ಯಾರು, ಈರಕ್ಕ?" ಎಂದು ಕೇಳಿದೆ.

"ಹುಷಾರಿಲ್ದೋರು."

"ಅಷ್ಟೇ ಬರೆದರೆ ಸಾಲದು."

ಕಡ್ಲೆಕಾಯಿಯ ಸಿಪ್ಪೆ ಊದಿ ಯೋಚಿಸಿದಳು. "ಹುಷಾರಾಗಿರೋರೂ ಬರ್ತಾರೆ, ಬರ್ಕಳ್ರಿ. ಒಂದ್ ಗಳಿಗೆ ಕುಂತು ಮಾತಾಡಿ ಹೋಗಾಕೆ."

ನಾನು 'ದ ಜನರಲ್ ಪಬ್ಲಿಕ್ ಆಫ್ ದ ಟೌನ್ ಅಂಡ್ ಸರೌಂಡಿಂಗ್ ವಿಲೇಜಸ್' ಎಂದು ಬರೆದೆ. ಅವಳು ಹೇಳಿದ್ದು ಎಷ್ಟು ಸರಿಯೆಂದು ತಿಳಿಯಲು ನಾನು ಮುದುಕಿಯಾಗಬೇಕಾಯಿತು. ಈಗ ನನ್ನ ಬಿಪಿ ಮಾತ್ರೆ ಫೋನಿನಲ್ಲಿ ಒತ್ತಿದರೆ ಬಾಗಿಲಿಗೆ ಬರುತ್ತದೆ. ತಂದವನು ಹೆಲ್ಮೆಟ್ ತೆಗೆಯುವುದಿಲ್ಲ. ಅವನು ಗೇಟು ದಾಟುವ ಮೊದಲೇ ಫೋನು ಕೇಳುತ್ತದೆ, ಎಷ್ಟು ನಕ್ಷತ್ರ ಕೊಡುತ್ತೀರಿ ಎಂದು. ನಾನು ಯಾವಾಗಲೂ ಐದೂ ಕೊಡುತ್ತೇನೆ. ಕೇಳುವವರು ಯಾರೋ ಒಬ್ಬರು ಇದ್ದಾರಲ್ಲ ಎಂದು.

"ಕಾಂಪಿಟಿಷನ್?" ಎಂದೆ. ಅರ್ಥ ಹೇಳಿದ ಮೇಲೆ ಅವಳು ಬೆರಳು ಮಡಿಸುತ್ತ, "ಹಟ್ಟಿ ಪೂಜಾರಪ್ಪ, ಬಸ್‌ಸ್ಟ್ಯಾಂಡ್‌ನಾಗೆ ಕರಡಿ ಎಣ್ಣೆ ಮಾರೋನು, ಆಮೇಲೆ ಬ್ರಾಂದಿ ಅಂಗ್ಡಿ" ಎಂದಳು. ನಾನು 'ನನ್ ಆಫ್ ಕಾನ್ಸಿಕ್ವೆನ್ಸ್', ಲೆಕ್ಕಕ್ಕೆ ಬರುವವರು ಯಾರೂ ಇಲ್ಲ, ಎಂದು ಬರೆದೆ. ಬಾಗಿಲು ತೆಗೆಯುವ ಹೊತ್ತು ಕೇಳಿದರೆ "ಮದ್ಲನೇ ಬಸ್ ಬಂದಾಗ", ಮುಚ್ಚುವ ಹೊತ್ತು "ಕಡೇ ಬಸ್ನೋರು ಔಷ್ದಿ ತಗಂಡ್ಮೇಲೆ." ಅದಕ್ಕೂ ಒಂದು ಇಂಗ್ಲಿಷ್ ಕೋಟು ತೊಡಿಸಿದೆ. ಕಚ್ಚುಗಳ ವಿಷಯವನ್ನು ಮಾತ್ರ ಬಿಟ್ಟುಬಿಟ್ಟೆ. ಕುರಿಯ ಕಿವಿಯನ್ನು ಇಂಗ್ಲಿಷಿನಲ್ಲಿ ಮರ್ಯಾದೆಯಾಗಿ ಹೇಗೆ ಬರೆಯುವುದೆಂದು ತೋಚಲಿಲ್ಲ.

ಮೂರನೆಯ ಭಾನುವಾರವೋ ನಾಲ್ಕನೆಯದೋ, ಫರ್ನಿಚರ್ ಪಟ್ಟಿಗೆ ಬಂದೆವು. ಗಾಜಿನ ಬೀರು, ಕೌಂಟರ್, ಕೌಂಟರಿನ ಒಂದು ಕೊನೆಯಲ್ಲಿ ಒಳಗೆ ಹೋಗಲು ಎತ್ತಿ ಇಳಿಸುವ ಹಲಗೆ, ಗೋಡೆಗೆ ತೂಗುದೀಪ. "ಸ್ಟೂಲು ಎಲ್ಡು ಬರ್ಕಳ್ರಿ" ಎಂದಳು.

"ಎರಡು ಯಾಕೆ?"

"ಒಂದು ನಂದು, ಒಂದು ನಿಮ್ದು." ಕಡ್ಲೆಕಾಯಿ ಸುಲಿಯುವುದನ್ನು ನಿಲ್ಲಿಸದೆಯೇ ಹೇಳಿದಳು. "ನಾನ್ ಔಷ್ದಿ ಬೆರುಸ್ತೀನಿ, ನೀವು ಕಂಪ್ನಿಗೆ ಕಾಗ್ದ ಬರೀರಿ. ಬಂದೋರ್ಗೆ ಡಾಕ್ಟ್ರು ಏನ್ ಬರ್ದವ್ರೆ ಅಂತ ಓದಿ ಹೇಳ್ರಿ. ಇಬ್ರಿಗೂ ಹೊತ್ತು ಹೋಗ್ತೈತೆ, ಇಬ್ರೂ ಉಂಡು ಮನಿಕಂಬೋದು. ಅಂಗ್ಡಿ ಮಾಡಾಣ, ಏನಂತೀರಾ?"

ನಾನು ಪಟ್ಟಿಯಲ್ಲಿ 'ಸ್ಟೂಲ್ಸ್, ವುಡನ್, ಟೂ' ಎಂದು ಬರೆದೆ. ಮೊದಲ ಪುಟಕ್ಕೆ ಹಿಂತಿರುಗಿ, ಪ್ರೊಪ್ರೈಟರ್ ಎಂದಿದ್ದಲ್ಲಿ ಪಾರ್ಟ್‌ನರ್ಸ್ ಎಂದು ತಿದ್ದಿ, ಅವಳ ಹೆಸರಿನ ಕೆಳಗೆ ನನ್ನ ಹೆಸರು ಬರೆದೆ. ನನ್ನ ಹೆಸರು ಇನ್ನೊಬ್ಬರ ಹೆಸರಿನ ಪಕ್ಕದಲ್ಲಿ ಅಷ್ಟು ಚೆನ್ನಾಗಿ ಕಂಡದ್ದು ಅದೊಂದೇ ಸಲ.

ಇಲ್ಲಿ ಸ್ಟೂಲಿನ ಬಗ್ಗೆ ಒಂದು ಮಾತು. ಕುರ್ಚಿಗೆ ಅಧಿಕಾರ ಇರುತ್ತದೆ, ಬೆಂಚಿಗೆ ಗುಂಪು ಇರುತ್ತದೆ. ಸ್ಟೂಲಿಗೆ ಎರಡೂ ಇಲ್ಲ. ಬೆನ್ನೂ ಇಲ್ಲ, ಕೈಯೂ ಇಲ್ಲ. ಮನೆಗೆ ಬಂದ ಅತಿಥಿಗೆ ಯಾರೂ ಸ್ಟೂಲು ಕೊಡುವುದಿಲ್ಲ. ಸ್ಟೂಲಿನ ಮೇಲೆ ಕೂರುವವರು ಆ ಜಾಗದವರೇ ಆಗಿರಬೇಕು, ಕರೆದರೆ ತಟ್ಟನೆ ಏಳುವವರು, ಎದ್ದರೂ ಮತ್ತೆ ಅಲ್ಲಿಗೇ ಬರುವವರು. ಹಾಗೆ ನೋಡಿದರೆ ಈ ಎಪ್ಪತ್ತು ಎಂಬತ್ತು ವರ್ಷದಲ್ಲಿ ನನಗೆ ಕುರ್ಚಿ ಕೊಟ್ಟವರು ಬಹಳ ಮಂದಿ. ಬೀಳ್ಕೊಡುಗೆಯ ದಿನ ಹಾರ ಹಾಕಿಸಿದ ಕುರ್ಚಿಯೂ ಒಂದಿತ್ತು. ಸ್ಟೂಲು ಕೊಟ್ಟವಳು ಒಬ್ಬಳೇ.

ಸರ್ಕಾರಿ ಕೆಲಸದಲ್ಲಿದ್ದು ವ್ಯಾಪಾರ ಮಾಡುವ ಹಾಗಿಲ್ಲ. ರಾಜೀನಾಮೆ ಕೊಡಬೇಕು. ಈರಕ್ಕ ತನ್ನದನ್ನು ಎರಡು ಸಾಲಿನಲ್ಲಿ ಬರೆದು ಕೊಟ್ಟೇಬಿಟ್ಟಳು. ನಾನು ನನ್ನದನ್ನು ಒಂದು ಪುಟ ಬರೆದೆ. ಭಾಷೆ ಚೆನ್ನಾಗಿತ್ತು. ಮಡಚಿ ಕೈಚೀಲದಲ್ಲಿಟ್ಟುಕೊಂಡೆ, ಬ್ಯಾಂಕಿನ ಕೆಲಸ ಮುಗಿಸಿ ನೇರ ಹೆಡ್‌ಮಿಸ್ಟ್ರೆಸ್ ಹತ್ತಿರ ಹೋಗುವುದೆಂದು ಮಾತಾಗಿತ್ತು.

ಮ್ಯಾನೇಜರು ಒಳ್ಳೆಯವರೇ. ಸ್ಕೀಮನ್ನು ನಿಧಾನವಾಗಿ ಓದಿದರು, ಗ್ರೀಕಿನ ಹತ್ತಿರ ಒಮ್ಮೆ ಹುಬ್ಬೇರಿಸಿದರು. ಆಮೇಲೆ ನಮ್ಮಿಬ್ಬರನ್ನೂ ನೋಡಿ ಕೇಳಿದರು: "ಅಕ್ಕತಂಗೀರಾ?"

"ಅಲ್ಲ ಸಾರ್" ಎಂದಳು ಈರಕ್ಕ.

"ನೆಂಟ್ರಾ?"

"ಅಲ್ಲ ಸಾರ್."

"ಮತ್ತೇನಾಗ್ಬೇಕು ಒಬ್ಬರಿಗೊಬ್ಬರು?"

ಕಾನ್ವೆಂಟಿನಲ್ಲಿ ಕಲಿತ ಅಷ್ಟೊಂದು ಶಬ್ದಗಳನ್ನು ನಾನು ಮನಸ್ಸಿನಲ್ಲೇ ತಿರುವಿ ಹಾಕಿದೆ. ಅವರು ನನ್ನ ಕಡೆ ತಿರುಗಿ, ಕಾಳಜಿಯಿಂದಲೇ, "ಮೇಡಂ, ಓದಿದೋರು ನೀವು. ಪರ್ಮನೆಂಟ್ ಕೆಲಸ, ಪೆನ್ಶನ್ನು ಎಲ್ಲ ಬಿಟ್ಟು ಸಂತೆಬೀದೀಲಿ ಅಂಗಡೀಲಿ ಕೂರ್ತೀರಾ? ಮನೇಲಿ ಒಪ್ಪಿದಾರಾ?" ಎಂದರು. ಪಕ್ಕದ ಮೇಜಿನ ಕ್ಲರ್ಕು ಬರೆಯುವುದನ್ನು ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದ. ಇಸ್ತ್ರಿ ಮಾಡಿದ ನನ್ನ ಸೀರೆ, ಗೋಂದಿನ ಕಲೆಯ ಈರಕ್ಕನ ಸೀರೆ, ಎರಡನ್ನೂ ಅವನು ಅಳೆಯುತ್ತಿರುವ ಹಾಗೆ ನನಗೆ ಅನಿಸಿತು. ಅವನು ಬಹುಶಃ ಊಟದ ಹೊತ್ತನ್ನಷ್ಟೇ ಯೋಚಿಸುತ್ತಿದ್ದ.

"ಛೆ ಛೆ, ಇಲ್ಲ ಸಾರ್" ಎಂದು ನನ್ನ ಬಾಯಿ ಹೇಳಿತು. "ನಾನು ಬರೀ ಇಂಗ್ಲಿಷ್ ಬರೆದುಕೊಡೋಕೆ ಬಂದವಳು. ಹೆಸರು ತಪ್ಪಾಗಿ ಸೇರಿಕೊಂಡಿದೆ."

ಈರಕ್ಕ ನನ್ನ ಮುಖ ನೋಡಿದಳು. ಒಂದು ಕಚ್ಚಿನಷ್ಟು ಹೊತ್ತು, ಅಷ್ಟೇ. ಆಮೇಲೆ ಮ್ಯಾನೇಜರ ಕಡೆ ತಿರುಗಿ, "ಹೂಂ ಸಾರ್, ಟೀಚರ್ ಬರವಣಿಗೆಗೆ ಬಂದೋರು. ನಂದೊಬ್ಬಳ್ದೇ ಅಂಗ್ಡಿ" ಎಂದಳು. ನನ್ನ ಸುಳ್ಳಿಗೆ ಅವಳು ಜಾಮೀನು ನಿಂತಳು.

ಅಲ್ಲೇ, ಅವರ ಮೇಜಿನ ಮೇಲೆಯೇ, ರೂಲರು ಕೇಳಿ ತೆಗೆದುಕೊಂಡು ನನ್ನ ಹೆಸರಿನ ಮೇಲೆ ಗೆರೆ ಎಳೆದೆ. ಹೊಡೆದು ಹಾಕುವುದನ್ನೂ ನೀಟಾಗಿ ಮಾಡಬೇಕೆಂದು ಸಿಸ್ಟರುಗಳು ಕಲಿಸಿದ್ದರು. ಪಾರ್ಟ್‌ನರ್ಸ್ ಎಂಬುದನ್ನು ಮತ್ತೆ ಪ್ರೊಪ್ರೈಟರ್ ಮಾಡಿದೆ. ಇಡೀ ಸ್ಕೀಮಿನಲ್ಲಿ 'ವಿ' ಎಂದಿದ್ದಲ್ಲೆಲ್ಲ 'ಐ' ಮಾಡಿದೆ. ಸಾಲ ಮಂಜೂರಾಯಿತು.

ದಾರಿಯಲ್ಲಿ ಹೈಸ್ಕೂಲಿನ ಗೇಟಿನ ಹತ್ತಿರ ನಾನು ನಿಲ್ಲಲಿಲ್ಲ, ಅವಳೂ ನಿಲ್ಲಿ ಎನ್ನಲಿಲ್ಲ. ನನ್ನ ಕೋಣೆಯ ಬಾಗಿಲು ಬಂದಾಗ ಅವಳೇ ಹೇಳಿದಳು: "ಟೀಚರೇ, ಎಲ್ಲಾ ತಿದ್ದಿದ್ರಿ. ಸ್ಟೂಲು ಎಲ್ಡೇ ಉಳೀತು."

"ಅಯ್ಯೋ, ಮರೆತೆ. ನಾಳೆ ಹೋಗಿ ಒಂದು ಮಾಡಿಸುತ್ತೇನೆ."

"ಇರ್ಲಿ ಬಿಡ್ರಿ" ಎಂದಳು. "ಬರ್ದಂಗೇ ತರ್ಬೇಕಂತೆ, ಬ್ಯಾಂಕ್ನೋರು ಬಂದ್ ನೋಡ್ತಾರಂತೆ."

ಬರೆದ ಹಾಗೆಯೇ ತಂದಳು. ಅಂಗಡಿ ತೆರೆದ ಮೇಲೆ ಬ್ಯಾಂಕಿನಿಂದ ತಪಾಸಣೆಗೆ ಬಂದವರು ಬೀರು ನೋಡಿ, ಕೌಂಟರ್ ನೋಡಿ, "ಇರೋದು ಒಬ್ಬರು, ಎರಡನೇ ಸ್ಟೂಲು ಯಾರಿಗಮ್ಮಾ?" ಎಂದರಂತೆ. "ಬರೋರು ಒಬ್ರು ಅವ್ರೆ ಸಾರ್" ಎಂದಳಂತೆ. ಇದನ್ನು ನನಗೆ ಹೇಳಿದವಳೂ ಅವಳೇ, ನಗುತ್ತ, ಬೇರೆ ಯಾರದೋ ವಿಷಯ ಎಂಬ ಹಾಗೆ.

ಆಮೇಲಿನದೆಲ್ಲ ವರ್ಗಾವಣೆಗಳ ಕಥೆ. ಹೊಸದುರ್ಗ, ಮತ್ತೋಡು, ಹೊಳಲ್ಕೆರೆ, ಕೊನೆಗೆ ಚಿತ್ರದುರ್ಗ. ಯಾವ ಊರಿನಲ್ಲಿದ್ದರೂ ಹಿರಿಯೂರಿನ ಮೇಲೆ ಹೋಗುವ ಕೆಲಸ ವರ್ಷಕ್ಕೊಂದೆರಡು ಸಲ ಬೀಳುತ್ತಿತ್ತು, ಬೀಳದಿದ್ದರೆ ಬೀಳಿಸಿಕೊಳ್ಳುತ್ತಿದ್ದೆ. ಬಸ್ಸು ಬದಲಿಸುವ ಅರ್ಧ ಗಂಟೆಯಲ್ಲಿ ಓಡಿ ಹೋಗಿ ಅಂಗಡಿಯ ಮುಂದೆ ನಿಲ್ಲುತ್ತಿದ್ದೆ. ಅವಳು ಪ್ರತಿಸಲ ಕೌಂಟರಿನ ಕೊನೆಯ ಹಲಗೆಯನ್ನು ಎತ್ತಿ ಹಿಡಿದು "ಒಳಾಕ್ ಬರ್ರಿ, ಕುಂತ್ಕಳ್ರಿ" ಎನ್ನುವಳು. ನಾನು ಪ್ರತಿಸಲ ಗಡಿಯಾರ ನೋಡಿಕೊಂಡು "ಬಸ್ಸಿಗೆ ಹೊತ್ತಾಯಿತು ಈರಕ್ಕ" ಎನ್ನುವೆ. ಅವಳು ಹಲಗೆ ಇಳಿಸುವಳು. ಒಂದು ಪೊಟ್ಟಣ ಶುಂಠಿ ಪೆಪ್ಪರಮಿಂಟು ಕೈಗೆ ಹಾಕುವಳು. ಅವಳ ಹಿಂದೆ ಎರಡನೆಯ ಸ್ಟೂಲು ಕಾಣುತ್ತಿತ್ತು. ಅಷ್ಟು ಇಕ್ಕಟ್ಟಿನ ಅಂಗಡಿ, ನೆಲದ ತುಂಬ ರಟ್ಟಿನ ಡಬ್ಬ. ಆದರೆ ಅದರ ಮೇಲೆ ಮಾತ್ರ ಏನನ್ನೂ ಇಟ್ಟಿರುತ್ತಿರಲಿಲ್ಲ. ಆಗ ಅದನ್ನು ನಾನು ಅವಳ ಅಚ್ಚುಕಟ್ಟುತನ ಎಂದುಕೊಂಡಿದ್ದೆ. ಹೀಗೆ ಎಂದುಕೊಳ್ಳುವುದೂ ನಾನು ಕಾನ್ವೆಂಟಿನಲ್ಲೇ ಕಲಿತದ್ದಿರಬೇಕು.

ಪೆನ್ಶನ್ ಬಂತು, ಅದರಲ್ಲಿ ಮೋಸವಿಲ್ಲ. ಪ್ರತಿ ತಿಂಗಳೂ ಬರುತ್ತದೆ, ಫೋನು ಒಮ್ಮೆ ಕುಂಯ್ ಎನ್ನುತ್ತದೆ. ಕೆಲವು ತಿಂಗಳು ನನ್ನ ಫೋನು ಅದೊಂದೇ ಕಾರಣಕ್ಕೆ ಬಾಯಿ ಬಿಡುವುದು.

ರೇಣುಕಳ ಪ್ಲ್ಯಾನಿಗೆ ಬರೋಣ. ಗ್ರಾಮರ್ ಎಲ್ಲ ತಿದ್ದಿದೆ. ಟಾರ್ಗೆಟ್ ಕಸ್ಟಮರ್ ಎಂದಿದ್ದ ಪ್ಯಾರಾದ ಕೊನೆಗೆ ಒಂದು ವಾಕ್ಯ ಸೇರಿಸಿದೆ: ಕಾಯಿಲೆ ಇಲ್ಲದವರೂ ಬರುತ್ತಾರೆ, ಒಂದು ಗಳಿಗೆ ಕುಳಿತು ಮಾತಾಡಿ ಹೋಗಲು. ಈ ಸಲ ಕೋಟು ತೊಡಿಸಲಿಲ್ಲ. ಇದ್ದ ಹಾಗೆಯೇ ಇಂಗ್ಲಿಷ್ ಮಾಡಿದೆ. ಮುದುಕಿಯರು ಒಂಟಿಯಾಗಿರುವ ಓಣಿಯಲ್ಲಿ ಇದು ಸ್ಟ್ರೆಂತ್ ಚೌಕಕ್ಕೆ ಸೇರಬೇಕಾದ ಮಾತು ಎಂದು ಅಂಚಿನಲ್ಲಿ ಬರೆದೆ. ಆಮೇಲೆ ಫರ್ನಿಚರ್ ಪಟ್ಟಿಗೆ ಹೋದೆ. ಕಂಪ್ಯೂಟರ್ ಟೇಬಲ್, ಫ್ರಿಜ್, ರ‍್ಯಾಕು, ಸಿಸಿಟಿವಿ, ಸ್ಟೂಲು ಒಂದು. ಒಂದನ್ನು ಅಳಿಸಿ ಎರಡು ಮಾಡಿದೆ.

ಸಂಜೆ ರೇಣುಕ ಬಂದು ಮೇಲಿಂದ ಕೆಳಗೆ ಓದಿದಳು. ಹುಷಾರಿನ ಹುಡುಗಿ, ಅಲ್ಲಿಗೇ ಬಂದು ನಿಂತಳು. "ಮಿಸ್, ಸ್ಟೂಲು ಎರಡ್ ಯಾಕೆ? ಇರೋಳು ನಾನೊಬ್ಬಳೇ. ಜಾಗ ಬೇರೆ ಕಮ್ಮಿ."

"ಬರುವವರು ಇರುತ್ತಾರೆ" ಎಂದೆ.

"ಯಾರು?"

"ಅದನ್ನು ಪ್ಲ್ಯಾನಿನಲ್ಲಿ ಬರೆಯುವ ಹಾಗಿಲ್ಲ ಕಣೇ. ಸ್ಟೂಲು ಇದ್ದರೆ ಗೊತ್ತಾಗುತ್ತದೆ."

ನನ್ನನ್ನೊಮ್ಮೆ ಓರೆಗಣ್ಣಿನಿಂದ ನೋಡಿ, "ಹೋಗ್ಲಿ ಬಿಡಿ, ಇರ್ಲಿ" ಎಂದು ಸೇವ್ ಒತ್ತಿದಳು. ಒಂದು ಗುಂಡಿ, ಅಷ್ಟೇ. ಆ ಗುಂಡಿ ಆ ದಿನ ಹಿರಿಯೂರಿನ ಬ್ಯಾಂಕಿನಲ್ಲಿ ಇರಲಿಲ್ಲ.

ಈರಕ್ಕನನ್ನು ನಾನು ಕೊನೆಯ ಸಲ ನೋಡಿದ್ದು ರಿಟೈರಾದ ಮೇಲೆ, ಒಂದು ಸಂತೆಯ ದಿನ, ಮಧ್ಯಾಹ್ನ. ಯಾವ ಕೆಲಸವೂ ಇರಲಿಲ್ಲ. ಅವಳನ್ನು ನೋಡಲೆಂದೇ ಚಿತ್ರದುರ್ಗದಿಂದ ಬಸ್ಸು ಹತ್ತಿದ್ದೆ. ಅದನ್ನು ಅವಳಿಗೆ ಹೇಳಲಿಲ್ಲ, ಅವಳಿಗೆ ಗೊತ್ತಾಯಿತು. ಸಂತೆಗೆ ಬಂದವರ ಚೀಲದಲ್ಲಿ ಕಿಣಿ ಕಿಣಿ ಇರಲಿಲ್ಲ. ಎಲ್ಲ ಔಷಧಿಯೂ ಕಂಪನಿಯ ಬಾಟಲಿಯಲ್ಲಿ ತುಂಬಿಯೇ ಬರುತ್ತಿತ್ತು, ಅಳೆಯಲು ಪ್ಲಾಸ್ಟಿಕ್ ಮುಚ್ಚಳವೂ ಜೊತೆಗೆ. ಆದರೂ ಅವಳು, ಕೂದಲೆಲ್ಲ ಬೆಳ್ಳಗಾಗಿ, ಕಣ್ಣಿಗೆ ದಪ್ಪ ಗಾಜು ಹಾಕಿಕೊಂಡು, ಆ ಬಾಟಲಿಗಳಿಗೂ ಕಾಗದದ ಪಟ್ಟಿ ಮಡಿಸಿ ಕಚ್ಚು ಹಾಕಿ ಅಂಟಿಸುತ್ತಿದ್ದಳು. "ಮುಚ್ಳ ಮಕ್ಳು ಆಡಾಕೆ ಹೊತ್ಕಂಡ್ ಹೋಗ್ತವೆ ಟೀಚರೇ, ಕಚ್ಚು ಎಲ್ಲಿಗೂ ಹೋಗಂಗಿಲ್ಲ" ಎಂದಳು.

ಎಂದಿನ ಹಾಗೆ ಹಲಗೆ ಎತ್ತಿ ಹಿಡಿದಳು. "ಬಸ್ಸಿಗೆ ಹೊತ್ತಾತೇನ್ರಿ?" ಎಂದು ಅವಳೇ ಕೇಳಿದಳು, ನನಗೆ ಕಷ್ಟವಾಗಬಾರದೆಂದು.

"ಇಲ್ಲ" ಎಂದು ಒಳಗೆ ಹೋದೆ.

ಸೆರಗಿನಿಂದ ಒಮ್ಮೆ ಒರೆಸಿದಳು, ಧೂಳೇನೂ ಇರಲಿಲ್ಲ. ಕುಳಿತೆ. ಅಷ್ಟು ವರ್ಷ ಯಾರೂ ಕೂರದ ಸ್ಟೂಲು ಒಂದು ಕಾಲಿನ ಕಡೆಗೆ ಸ್ವಲ್ಪ ವಾಲಿತು. ಅವಳು ಒಂದು ಹಳೆಯ ಲೇಬಲ್ ಕಾಗದ ಮಡಿಸಿ ಕಾಲಿನ ಕೆಳಗೆ ಕೊಟ್ಟಳು. ಸರಿಹೋಯಿತು. ನಾವಿಬ್ಬರೂ ಬೀದಿ ನೋಡುತ್ತ ಕುಳಿತೆವು, ದಿನಾ ಕೂರುವವರ ಹಾಗೆ.

ಕಂಬಳಿಯ ಹೆಂಗಸೊಬ್ಬಳು ಮೊಮ್ಮಗುವಿನ ಕೆಮ್ಮಿಗೆ ಔಷಧಿ ಕೇಳಿ ಬಂದಳು. ಕಚ್ಚಿನ ಪಾಠವನ್ನೆಲ್ಲ ಕೇಳಿಸಿಕೊಂಡು, ಬಾಟಲಿ ಮಡಿಲಿಗೆ ಸೇರಿಸಿ, ನನ್ನ ಕಡೆ ಗದ್ದ ತೋರಿಸಿ, "ಇವ್ರು ಯಾರಕ್ಕ? ಯಾವತ್ತೂ ನೋಡಿಲ್ಲ" ಎಂದಳು.

ನೆಂಟರಾ, ಅಕ್ಕತಂಗಿಯರಾ, ಏನಾಗಬೇಕು. ಅದೇ ಪ್ರಶ್ನೆ, ನಲವತ್ತು ವರ್ಷ ಸುತ್ತಿ ಬಂದು ಕೌಂಟರಿನ ಮೇಲೆ ನಿಂತಿತ್ತು.

ಈರಕ್ಕ ಕತ್ತರಿ ಕೆಳಗಿಡಲೂ ಇಲ್ಲ. "ಇವ್ರಾ? ಈ ಅಂಗ್ಡಿ ಪಾಲುದಾರ್ರು ಕಣವ್ವ. ರಜಾ ಹಾಕಿ ಹೋಗಿದ್ರು."

"ಎಷ್ಟ್ ದಿನ ರಜಾ?"

"ಅವ್ರು ಗವರ್ಮೆಂಟ್ನೋರು. ಅವ್ರ ರಜಾ ಲೆಕ್ಕ ನಮಿಗೆ ಹ್ಯಾಂಗ್ ಗೊತ್ತಾಗ್ತೈತೆ?" ಎಂದಳು. ಇಬ್ಬರೂ ನಕ್ಕರು. ನಾನೂ ನಕ್ಕೆ. ನಗುವಾಗ ಕನ್ನಡಕ ತೆಗೆದು ಒರೆಸಿಕೊಳ್ಳಬೇಕಾಯಿತು.

ಸಂಜೆಯ ಬಸ್ಸಿಗೆ ಹೊರಟಾಗ "ಇನ್ನೊಂದ್ ವಾರಕ್ಕೆ ಬರ್ರಿ" ಎಂದಳು. ಬರುತ್ತೇನೆಂದೆ. ಕಾಲು ಉಳುಕಿ ನಾನು ಮಲಗಿದೆ. ನಾನು ಏಳುವಷ್ಟರಲ್ಲಿ ಅವಳು ತೀರಿಕೊಂಡಿದ್ದಳು. ಆ ಸಂಜೆ ಬಸ್ಸು ಸಂತೆಬೀದಿ ತಿರುಗುವಾಗ ಕಿಟಕಿಯಿಂದ ಬಗ್ಗಿ ನೋಡಿದ್ದೆ. ಈರಕ್ಕ ತನ್ನ ಸ್ಟೂಲಿನ ಮೇಲೆ ಕುಳಿತು ಯಾರದೋ ಬಾಟಲಿಗೆ ಪಟ್ಟಿ ಮಡಿಸುತ್ತಿದ್ದಳು. ಎತ್ತಿದ್ದ ಹಲಗೆಯನ್ನು ಇನ್ನೂ ಇಳಿಸಿರಲಿಲ್ಲ.